ಙ-ನನ್ನ ಉಣ್ಣಾಕ ಕರಿಯೋದು ಹ್ಯಾಂಗ?

ಮೊದಲು ಒಂದು ಒಗಟು ಹೇಳ್ತೀನಿ, ಬಿಡಿಸ್ರಿ ನೋಡೂಣು.

ಮುಂಜಾನೆ ಅಕ್ಷರ, ಮಧ್ಯಾಹ್ನ ದೇವರು, ಸಂಜಿಗೆ ಕೆಸರು. ಏನದು?

ಬರಲಿಲ್ಲ. ಬರೋದಿಲ್ಲಂತ ಗೊತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದವರಿಗೂ ಬರೋದಿಲ್ಲ, ಫೇಲಾದ ನನಗೂ ಅದು ಕಣ್ಣ ಮುಂದೆ ನಡೆಯುವ ತನಕ ಬಂದಿರಲಿಲ್ಲ. ನಮ್ಮ ಕಡೆ ಒಗಟು ಬಿಡಿಸಲಿಕ್ಕೆ ಆಗದವರು ಸೋತೆ ಅಂತ ಒಪ್ಪಿಕೊಂಡು ಒಂದು ಊರು ಕೊಡಬೇಕು. ಕೊಡ್ರಿ. ರೋಣ ಬ್ಯಾಡ, ಅಲ್ಲಿ ನಾನು ಪರೀಕ್ಷೆಗೆ ಕೂತು ಗಣಿತದಾಗ ಬಿದ್ದೇನಿ. ನರಗುಂದ ಬ್ಯಾಡ, ಅಲ್ಲಿ ನಮ್ಮ ಸೋದರಮಾವ ಇರ್ತಾನ, ಕಂಡಕೂಡಲೇ ಮತ್ತ ಪರೀಕ್ಷಾ ಕಟ್ಟಲೇ ಅಂತಾನ. ಗಜೇಂದ್ರಗಡ ಕೊಡ್ರಿ. ಗುಡ್ಡ ಐತಿ, ಗಾಳಿ ಐತಿ, ಮ್ಯಾಲೆ ಹತ್ತಿ ಮಲಗಿದರ ಯಾರೂ ಎಬ್ಬಿಸಲಿಕ್ಕೆ ಬರೋದಿಲ್ಲ. ಕೊಟ್ರಿ? ಆತು. ಉತ್ತರ ಕಡೀಕ ಹೇಳ್ತೀನಿ.

ನಮ್ಮವ್ವ ನಮ್ಮೂರ ಅಂಗನವಾಡಿ ಟೀಚರು. ಊರ ಮಂದಿಯ ಬಾಯಾಗ 'ಅಕ್ಕೋರು'. ಅಲ್ಲಿದ್ದ ಸಹಾಯಕಿ ರಿಟೈರ್ ಆದಳು, ಹೊಸಾಕಿ ಬರೂತನಾ ಆ ಜಾಗ ಖಾಲಿ ಬಿತ್ತು. ಅದs ಹೊತ್ತಿಗೆ ನಾನೂ ಫೇಲಾಗಿ ಖಾಲಿ ಕೂತಿದ್ದೆ. ಅವ್ವ ಎರಡು ಖಾಲಿ ಸೇರಿಸಿ ಒಂದು ತುಂಬಿಸಿದಳು. "ಊರಾಗ ಕಂಡಕಂಡವರ ಚಪ್ಪಲಿ ಮುಚ್ಚಿಟ್ಟು ನಗಸ್ತೀಯಲ್ಲ, ಬಾ, ನನ್ನ ಹುಡುಗರನ್ನ ನಗಿಸು. ಅಕ್ಷರದ ಆಟ ಆಡಸು" ಅಂದಳು. ಊರಾಗ ನನಗೆ ಜೋಕರ್ ಅಂತ ಹೆಸರು. ನನಗೂ ಸಣ್ಣ ಸೊಕ್ಕಿತ್ತು. ಆದರೆ ಮೂರು-ನಾಲ್ಕು ವರ್ಷದವರ ಮುಂದೆ ಜೋಕರ್ ಆಗಿ ನೋಡ್ರಿ. ಸರ್ಕಸ್ಸಿನವರು ಸಿಂಹ ಯಾಕ ಸಾಕ್ತಿದ್ದರು ಅಂತ ಆಗ ತಿಳೀತೈತಿ. ಸಿಂಹಕ್ಕ ಒಂದು ಸಲ ಹೇಳಿದರ ಸಾಕು.

ಆಟ ಆಡಿಸೋದು ಬರೇ ಆಟಕ್ಕಲ್ಲ. ಈ ವರ್ಷದಿಂದ ನಮ್ಮೂರಿಗೆ ಒಂದು ಹಳದಿ ಗಾಡಿ ಬರತೊಡಗಿತ್ತು. ಟೈ ಕಟ್ಟಿದ, ಬೂಟು ಹಾಕಿದ ಹುಡುಗರನ್ನ ತುಂಬಿಕೊಂಡು ಪ್ಯಾಟಿ ಕಾನ್ವೆಂಟಿಗೆ ಒಯ್ತಿತ್ತು. ನಮ್ಮ ಅಂಗನವಾಡಿ ಖೋಲಿ ತೆಳ್ಳಗಾಗತಾ ಬಂತು. ಒಂದು ದಿನ ಸೂಪರ್‌ವೈಜರ್ ಬಾಯಾರು ಬಂದು ಕೂತು, ನೀರು ಕುಡಿದು, ಅವ್ವಗೆ ಹೇಳಿದರು: "ಅಕ್ಕೋರ, ಹಿಂಗs ಆದ್ರ ನಿಮ್ಮ ಕೇಂದ್ರ ಹಳ್ಳದಾಚೆ ಊರಿನ ಕೇಂದ್ರಕ್ಕ ಕೂಡಿಸಬೇಕಾಗತೈತಿ ನೋಡ್ರಿ. ಮುಂದಿನ ಸಲ ನಾ ಬಂದಾಗ ಖೋಲಿ ತುಂಬಿರಬೇಕು. ಅಕ್ಷರದ ಚಟುವಟಿಕಿ ನಡದಿರಬೇಕು. ಹುಡುಗರು ಸ್ವತಾ ಕೈಲೆ ಮಾಡಿದ್ದು ನನ್ನ ಕಣ್ಣಿಗೆ ಕಾಣಬೇಕು. ಅಂಗಡ್ಯಾಗಿನ ಚಾರ್ಟ್ ತೋರಸಬ್ಯಾಡ್ರಿ."

ಹಳ್ಳ ಅಂದರೆ ಏನು ಅಂತ ಬಾಯಾರಿಗೆ ಗೊತ್ತಿಲ್ಲ. ಮಳಿಗಾಲದಾಗ ಅದನ್ನ ದಾಟಲಿಕ್ಕೆ ಎಮ್ಮೆ ಸುದ್ದಾ ವಿಚಾರ ಮಾಡತೈತಿ. ಖೋಲಿ ಹೋದರ ಗಾಡಿ ಹತ್ತಲಾರದ ಹುಡುಗರು ಮನಿಯಾಗs ಉಳೀತಾವು. ಅವತ್ತಿನಿಂದ ಅವ್ವಗೆ ನಿದ್ದಿ ಇಲ್ಲ, ನನಗೆ ಪುರುಸೊತ್ತಿಲ್ಲ. ಅಂಥ ಖೋಲ್ಯಾಗ ದಿನಾ ಒಂದಿಲ್ಲೊಂದು ನಡದs ಇರತೈತಿ. ಬ್ಯಾಡ ಅಂದ್ರೂ ನಡೀತೈತಿ.

ಕುಂಟು, ಮುಗಿ, ಕುಂಟು

ಮೊದಲ ಆಟ ನಂದು. ನೆಲದ ಮ್ಯಾಲೆ ಸುಣ್ಣದ ಕಡ್ಡೀಲೆ ದೊಡ್ಡ ದೊಡ್ಡ ಅಕ್ಷರ ಬರೆದೆ. ಕುಂಟಿಕೊಂತ ಬರಬೇಕು, ಯಾವ ಅಕ್ಷರದ ಮ್ಯಾಲೆ ಕಾಲು ಬಿತ್ತೋ ಅದನ್ನ ಒದರಬೇಕು. ಸಾದಾ ಆಟ.

ಮೊದಲನೇ ಹುಡುಗ ಗೆರಿ ಮುಂದೆ ನಿಂತ. ಜಿಗಿಯಲಿಲ್ಲ.

"ಯಾಕಲೇ, ಜಿಗಿ."

"ಅಕ್ಷರ ತುಳದ್ರ ವಿದ್ಯಾ ಹತ್ತೂದಿಲ್ಲಂತ. ನಮ್ಮಪ್ಪ ಹೊಡೀತಾನ."

"ಇದು ಆಟ ಐತಿ. ತುಳದ್ರ ನಡೀತೈತಿ."

ಅವ ನನ್ನ ಮಾರಿ ನೋಡಿದ. "ನೀ ತುಳದಿದ್ದೇನು?"

"ಹೂಂ, ಸಣ್ಣವನಿದ್ದಾಗ ಭಾಳ ತುಳದೇನಿ."

"ಅದಕ್ಕs ಫೇಲಾದಿ," ಅಂದ.

ಇಡೀ ಖೋಲಿ ಗೋಣು ಹಾಕಿತು. ಒಬ್ಬರೂ ಜಿಗಿಯಲಿಲ್ಲ. ಕಡೀಕ ಅವರs ಒಂದು ಕರಾರು ಮಾಡಿಕೊಂಡರು. ಒಂದು ಅಕ್ಷರದ ಮ್ಯಾಲೆ ಕುಂಟೋದು, ಕೂಡಲೇ ಬಗ್ಗಿ ಅದನ್ನ ಕೈಲೆ ಮುಟ್ಟಿ ಹಣಿಗೆ ಒತ್ತಿಕೊಳ್ಳೋದು, ಆಮ್ಯಾಲೆ ಮುಂದಿನದಕ್ಕೆ ಕುಂಟೋದು. ಕುಂಟು, ಮುಗಿ, ಕುಂಟು, ಮುಗಿ. ಒಂದು ಸಾಲು ಮುಗಿಸಲಿಕ್ಕೆ ಸಂತೆ ಮುಗಿಸಿ ಬರುವಷ್ಟು ಹೊತ್ತು. ಆದರೆ ಖರೇ ಹೇಳಬೇಕಂದ್ರ ಅಕ್ಷರ ಒಂದೂ ತಪ್ಪಲಿಲ್ಲ. ದೇವರ ಹೆಸರು ಯಾರು ತಪ್ಪತಾರ?

ಮಧ್ಯಾಹ್ನ ತಾಯಂದಿರು ಕರಕೊಂಡು ಹೋಗಲಿಕ್ಕೆ ಬಂದರು. ಎಲ್ಲಾ ಹುಡುಗರ ಹಣಿ ತುಂಬ ಬೆಳ್ಳಗೆ ಸುಣ್ಣದ ಪುಡಿ. ಸಾಲಾಗಿ ನಿಂತರೆ ಸಣ್ಣದೊಂದು ಮಠ ಎದ್ದು ಬಂದಂಗ ಕಾಣತಿದ್ದರು. ಬಳಿ ಮಾರುವ ಸಾಬರ ಮನಿ ತಾಯಿ ತನ್ನ ಮಗಳ ಹಣಿ ನೋಡಿದಳು, ಉಳಿದವರ ಹಣಿ ನೋಡಿದಳು, ಸೊಂಟದ ಮ್ಯಾಲೆ ಕೈ ಇಟ್ಟಳು.

"ಅಕ್ಕೋರ, ಅಕ್ಷರ ಕಲಸ್ತೀವಿ ಅಂದಿದ್ರಿ."

ಅವ್ವ ಗಾಬರಿಯಾಗಿ ಸೆರಗಿನಿಂದ ಹುಡುಗಿ ಹಣಿ ಒರೆಸಲಿಕ್ಕೆ ಹೋದಳು. ಆಕೆ ಕೈ ಹಿಡಿದು ನಗತಾ ಅಂದಳು: "ಇರ್ಲಿ ಬಿಡ್ರಿ. ವಿಭೂತಿ ಆತು. ಲಿಂಗಾ ಕಟ್ಟೂದು ನಾಳಿಗೇನ್ರಿ? ಒಂದ್ ಮಾತು ಮೊದಲs ಹೇಳ್ರಿ, ಬಿರ್ಯಾನಿ ಇವತ್ತs ಮಾಡಿ ಮುಗಿಸಿಬಿಡ್ತೀವಿ."

ಮನಿಯಿಂದ ಒಂದು ವಸ್ತು

ಆಮ್ಯಾಲೆ ಅವ್ವನ ಆಟ. ಒಬ್ಬೊಬ್ಬ ಹುಡುಗನಿಗೆ ಒಂದೊಂದು ಅಕ್ಷರ ಕೊಟ್ಟು, ಆ ಅಕ್ಷರದಿಂದ ಶುರು ಆಗುವ ಒಂದು ವಸ್ತು ಮನಿಯಿಂದ ತರ್ರಿ ಅಂದಳು.

ಮರುದಿನ ನೋಡ್ರಿ, 'ಉ' ಕೊಟ್ಟವ ಉಳ್ಳಾಗಡ್ಡಿ ತಂದ. ಸರಿ. 'ಕ' ಕೊಟ್ಟವನೂ ಉಳ್ಳಾಗಡ್ಡಿ ತಂದ. 'ಮ' ಕೊಟ್ಟಾಕಿ ಎರಡು ಉಳ್ಳಾಗಡ್ಡಿ ತಂದಳು. ಈ ವರ್ಷ ನಮ್ಮೂರಾಗ ಯಾರ ಮನಿಯಾಗ ಕಾಲಿಟ್ಟರೂ ಉಳ್ಳಾಗಡ್ಡಿ ಮ್ಯಾಲೇ ಇಡಬೇಕು, ಅಷ್ಟು ಬಂದಿತ್ತು. ತಾಯಂದಿರಿಗೆ ಅಕ್ಷರ ಹುಡುಕಲಿಕ್ಕೆ ಎಲ್ಲಿ ವ್ಯಾಳ್ಯಾ? ಕೈಗೆ ಸಿಕ್ಕದ್ದು ಕೊಟ್ಟು ಕಳಿಸಿದ್ದರು. ಅವ್ವ ವಸ್ತು ಪ್ರದರ್ಶನ ಅಂತ ಚಾಪಿ ಹಾಸಿದ್ದಳು. ಚಾಪಿ ನೋಡಿದರೆ ದಲಾಲಿ ಅಂಗಡಿ.

'ಆ' ಬಂದಿದ್ದು ಒಬ್ಬ ಹುಡುಗಿಗೆ. ಪುಸ್ತಕದಾಗ 'ಆ' ಅಂದರೆ ಆನೆ. ನಮ್ಮ ತಾಲೂಕಿನ್ಯಾಗ ಆನೆ ಎಲ್ಲಿಂದ ತರಬೇಕು? ಆ ಹುಡುಗಿ ಜಾಣಿ. ತನ್ನ ಆಯಿಯನ್ನ, ಅಂದರ ಅಜ್ಜಿಯನ್ನ, ಕೈ ಹಿಡಿದು ಎಳಕೊಂಡು ಬಂದಿದ್ದಳು. ಚಾಪಿ ಮ್ಯಾಲೆ ಉಳ್ಳಾಗಡ್ಡಿ ಸರಿಸಿ ಜಾಗ ಮಾಡಿ ಕೂಡಿಸಿದಳು.

ಅವ್ವ ಕೇಳಿದಳು: "ಯಮ್ಮಾ, ನೀವ್ಯಾಕ ಬಂದ್ರಿ?"

ಆಯಿ ಗಂಭೀರವಾಗಿ ಹೇಳಿದಳು: "ನಾ 'ಆ' ಅದೀನಂತ. ಅಲ್ಲಾಡಬ್ಯಾಡ ಅಂದಾಳ."

ಆಯಿ ಖರೇನ ಅಲ್ಲಾಡಲಿಲ್ಲ. ಉಪ್ಪಿಟ್ಟು ತಿಂದಳು, ಫ್ಯಾನಿನ ಕೆಳಗ ಕಾಲು ಚಾಚಿದಳು, ಹುಡುಗರಿಗೆ ನನಗೆ ಬರದ ಹಾಡು ಹೇಳಿಕೊಟ್ಟಳು. ಮಧ್ಯಾಹ್ನ ಎಲ್ಲಾರೂ ತಮ್ಮ ತಮ್ಮ ವಸ್ತು ತಗೊಂಡು ಮನಿಗೆ ಹೊಂಟರು. ಆ ಹುಡುಗಿ ಅವರಪ್ಪನ ಗಾಡಿ ಹಿಂದೆ ಹತ್ತಿ ಕೂತಳು. ನಾನು ಕೂಗಿದೆ: "ಏ, ನಿನ್ನ ವಸ್ತು ಬಿಟ್ಟು ಹೊಂಟೀಯಲ್ಲ!"

"ಇರ್ಲಿ," ಅಂದಳು, "ನಾಳೆನೂ ನಂದು 'ಆ'ನs ಐತಿ."

ನಾನು ಆಯಿ ಕಡೆ ತಿರುಗಿ, "ಬರ್ರಿ, ನಾನs ಮನಿಗೆ ಬಿಟ್ಟು ಬರ್ತೀನಿ" ಅಂದೆ.

ಆಯಿ ಕಾಲು ಇನ್ನೊಂದಿಷ್ಟು ಚಾಚಿದಳು. "ಅವಸರ ಏನೈತೋ ಯಪ್ಪಾ? ಉಪ್ಪಿಟ್ಟು ಐತಿ, ಫ್ಯಾನ್ ಐತಿ. ಮುಖ್ಯ, ಸೊಸಿ ಇಲ್ಲ."

ಅವತ್ತಿನಿಂದ ಆಯಿ ದಿನಾ ಬರತೊಡಗಿದಳು. ಖೋಲಿ ತುಂಬಿರಬೇಕು ಅಂದಿದ್ದರಲ್ಲ ಬಾಯಾರು. ಒಬ್ಬರು ಹೆಚ್ಚಾದರು. ವಯಸ್ಸು ಮಾತ್ರ ಸ್ವಲ್ಪ ಜಾಸ್ತಿ.

ಹೆಸರು ಬದಲಿ

ಇದು ಪೂರಾ ನಂದs ಕಿತಾಪತಿ. ರಟ್ಟಿನ ಚೀಟಿ ಕತ್ತರಿಸಿ, ಮ್ಯಾಲೆ ಅಕ್ಷರ ಬರೆದು, ದಾರ ಪೋಣಿಸಿ ಹುಡುಗರ ಕೊಳ್ಳಿಗೆ ಹಾಕಿದೆ. "ಇವತ್ತಿನಿಂದ ನಿಮ್ಮ ಹೆಸರೆಲ್ಲಾ ರದ್ದು. ನೀ ಚ. ನೀ ಟ. ಯಾರರೆ ಹಳೇ ಹೆಸರು ಕರದ್ರ ಓ ಅನ್ನಬ್ಯಾಡ್ರಿ" ಅಂದೆ.

ಖೋಲ್ಯಾಗ ಆಟ ಭಾಳ ಚಲೋ ನಡೀತು. "ಅಕ್ಕೋರ, ಚ ನನ್ನ ಚಿವುಟಿದ" ಅಂತ ಫಿರ್ಯಾದಿ ಸುದ್ದಾ ಅಕ್ಷರದಾಗs ಬಂತು. ಆದರೆ ಮನಿಗೆ ಹೋಗುವಾಗ ಚೀಟಿ ತೆಗೆಯೋದು ಮರತೆ. ನೆನಪಿದ್ದರೂ ತೆಗೀತಿದ್ದಿಲ್ಲ, ಆ ಮಾತು ಬ್ಯಾರೆ.

ಮರುದಿನ ಬೆಳಿಗ್ಗೆ ಒಬ್ಬ ಅಪ್ಪ ಮಗನನ್ನ ಕರಕೊಂಡು ಬಂದ. ಕಣ್ಣು ಕೆಂಪಗಾಗಿದ್ದವು. ಅವನ ಮಗನಿಗೆ ಬಂದಿದ್ದು ಙ. ಕ ಖ ಗ ಘ ಆದಮ್ಯಾಲೆ ಬರತೈತಲ್ಲ, ಯಾವ ಮಾತೂ ಅದರಿಂದ ಶುರು ಆಗೋದಿಲ್ಲ, ಅದು.

"ಯಾವಲೇ ನನ್ನ ಮಗನಿಗೆ ಈ ಹೆಸರಿಟ್ಟವ?"

ಅವ್ವ ನನ್ನ ಕಡೆ ಬೆರಳು ತೋರಿಸಿದಳು. ಇಂಥ ಹೊತ್ತಿನ್ಯಾಗ ಆಕೆ ತಾಯಿ ಅಲ್ಲ, ಸರಕಾರಿ ನೌಕರಿಯಾಕಿ.

ಅಪ್ಪ ಹೇಳಿದ: "ರಾತ್ರಿ ಉಣ್ಣಾಕ ಕರದ್ರ ಬರವಲ್ಲ. ಹೆಸರು ಹಿಡದು ಕರದ್ರ ಅದು ನಾ ಅಲ್ಲ ಅಂತಾನ. ಆ ಅಕ್ಷರದಿಂದ ಕರ್ಯೂಣಂದ್ರ ಬಾಯಿ ತಿರಗವಲ್ದು. ಮೂಗಿನ್ಯಾಗ ಶುರು ಮಾಡಿದ್ರ ಗಂಟಲಾಗ ಸಿಗತೈತಿ. ನಮ್ಮಪ್ಪ ಕರ್ಯಾಕ ಹೋಗಿ ಕೆಮ್ಮು ಹತ್ತಿಸಿಕೊಂಡು ಕುಂತಾನ, ಇನ್ನೂ ನಿಂತಿಲ್ಲ. ಈಗ ಹೇಳು, ಇವನ್ನ ಉಣ್ಣಾಕ ಕರಿಯೋದು ಹ್ಯಾಂಗ?"

ಅವ್ವ ಕೈ ಮುಗಿದು, "ತಪ್ಪಾತ್ರಿ ಯಣ್ಣಾ, ಚೀಟಿ ಈಗs ತಗಿಸ್ತೀನಿ" ಅಂದಳು.

"ತಗೀಬ್ಯಾಡ್ರಿ!" ಅಂದ ಅಪ್ಪ. ಧ್ವನಿ ಇಳಿಯಿತು. "ಇವತ್ತಿನಿಂದ ಹಳದಿ ಗಾಡಿಗೆ ಹಾಕೋದಂತ ಮಾತಾಗಿತ್ತು. ಟೈ ಸುದ್ದಾ ತಂದಿದ್ದೆ. ಗಾಡಿ ಬಂತು. ಡ್ರೈವರ್ ಹೆಸರು ಕರದ. ಇವ ಕಟ್ಟಿ ಮ್ಯಾಲೆ ಕುಂತು ಓ ಅನ್ನಲಿಲ್ಲ. ಡ್ರೈವರ್ ಹಾರ್ನ್ ಹೊಡದು ಹೊಡದು ಹೋದ."

"ಮತ್ತ?"

"ಮತ್ತೇನು? ಅಲ್ಲಿಗೆ ಹೋಗಂಗಿಲ್ಲಂತಾನ. ಅಲ್ಲಿ ಯಾರಿಗೂ ಅವನ ಹೆಸರು ಬರೂದಿಲ್ಲಂತ."

ಕಳುವಾದ ಗ

ಙ ಉಳಿದದ್ದಕ್ಕ ಅವ್ವನ ಮುಖದಾಗ ಸ್ವಲ್ಪ ಕಳೆ ಬಂತು. ನನಗೆ ಹುರುಪು ಬಂತು. ಅದs ತಪ್ಪಾದದ್ದು.

ಗೋಡಿಗೆ ಹಚ್ಚಿದ ಅಕ್ಷರದಾಗಿನ 'ಗ' ಒಂದನ್ನ ಕಿತ್ತು ಕಿಸೆದಾಗ ಇಟ್ಟುಕೊಂಡು ಹುಡುಗರ ಮುಂದೆ ಬಡಕೊಂಡೆ: "ಅಯ್ಯಯ್ಯೋ, ಗ ಕಳುವಾತು! ಹುಡುಕ್ರಲೇ!" ಖೋಲ್ಯಾಗ ಹುಡುಕಲಿ ಅಂತ ನನ್ನ ವಿಚಾರ. ಎಲ್ಲಾರೂ ಖೋಲಿ ಜಾಲಾಡಿದರು. ಅವ್ವ ಹಿಟ್ಟಿನ ಡಬ್ಬಿಗೆ ಅಡ್ಡ ನಿಂತಳು, ನಾನು ಉಪ್ಪಿಟ್ಟಿನ ಪಾತೇಲಿಗೆ ಅಡ್ಡ ನಿಂತೆ, ಬಾಗಿಲಿಗೆ ಮಾತ್ರ ಯಾರೂ ಅಡ್ಡ ನಿಂತಿರಲಿಲ್ಲ.

ನಮ್ಮ ಅಂಗನವಾಡಿ ಎದುರಿಗೇ ಬಸ್ ನಿಲ್ಲತೈತಿ, ಡ್ರೈವರು ಕಂಡಕ್ಟರು ಅಲ್ಲೇ ಚಾ ಕುಡೀತಾರ. ಸ್ವಲ್ಪ ಹೊತ್ತಿನ್ಯಾಗ ಬಳಿ ಮಾರುವವರ ಹುಡುಗಿ ಉಸಿರು ಕಟ್ಟಿಕೊಂಡು ಬಂದಳು. ಎದಿಗೆ ಒಂದು ಹಲಗಿ ಅವಚಿಕೊಂಡಿದ್ದಳು.

"ಗ ಸಿಕ್ತು! ಒಂದಲ್ಲ, ಎರಡು ಅದಾವು!"

ಹಲಗಿ ಮ್ಯಾಲೆ ಕೆಂಪು ಬಣ್ಣದಾಗ ದೊಡ್ಡದಾಗಿ ಬರೆದಿತ್ತು: ಗಜೇಂದ್ರಗಡ.

ಕಂಡಕ್ಟರ್ ಚಾ ಕುಡಿಯುವಾಗ ಬಸ್ಸಿನ ಬಾಗಿಲ ಹತ್ತರ ಇಟ್ಟಿದ್ದ ಬೋರ್ಡು ಅದು. ನಾನು ಕಸಗೊಂಡು ಹೊರಗೆ ಓಡುವಷ್ಟರಾಗ ಬಸ್ಸಿನ ಬೆನ್ನು ಕಾಣತಿತ್ತು. ಊರ ಹೆಸರಿಲ್ಲದ ಬಸ್ಸು ಧೂಳ ಎಬ್ಬಿಸಿಕೊಂತ ಹೋತು. ಹುಡುಗರೆಲ್ಲಾ ಚಪ್ಪಾಳಿ ತಟ್ಟಿದರು. ಅವ್ವ ಗೋಡಿಗೆ ತಲಿ ಆನಿಸಿ ನಿಂತಳು.

ಸಂಜಿಗೆ ಬಸ್ಸು ತಿರುಗಿ ಬಂತು. ಕಂಡಕ್ಟರ್ ಇಳಿದು ನೆಟ್ಟಗೆ ನಮ್ಮ ಕಡೆ ಬಂದ. ನಾನು ಬೋರ್ಡು ಎರಡೂ ಕೈಲೆ ಹಿಡಿದು ಕೊಟ್ಟೆ. ಬೈಗಳಕ್ಕ ತಯಾರಾಗಿ ಕಣ್ಣು ಮುಚ್ಚಿದೆ.

"ಕಣ್ಣು ತಗಿಯೋ," ಅಂದ ಕಂಡಕ್ಟರ್. ಪಾಪ, ಅವನೂ ದಣಿದಿದ್ದ. "ರಾಜೂರದಾಗ ಹೆಣ್ಮಕ್ಕಳು ಗುಂಪಾಗಿ ನಿಂತಿದ್ರು. ಬೋರ್ಡ್ ಇಲ್ಲ, ಯಾರೂ ಹತ್ತೂದಿಲ್ಲ ಅನಕೊಂಡೆ. ಬಸ್ ಎಲ್ಲಿಗೆ ಹೊಂಟೈತಿ ಅಂತ ಒಬ್ಬಾಕಿ ಕೇಳಿದ್ಲು. ಇನ್ನೊಬ್ಬಾಕಿ, 'ಎಲ್ಲಿಗೆ ಹೋದ್ರೇನವಾ, ಹೆಂಗೂ ಪುಕ್ಕಟ ಐತಿ, ಹತ್ತು' ಅಂದ್ಲು. ದಿನಾ ಬರೂದಕ್ಕಿಂತ ಹೆಚ್ಚಿಗೆ ಹತ್ಯಾರ. ಗಜೇಂದ್ರಗಡದಾಗ ಇಳೀರಿ ಅಂದ್ರ, 'ಇಷ್ಟ ಲಗೂ ಬಂತೇನ್ರಿ?' ಅಂತ ನನಗs ಬೈದ್ರು."

ಮಣ್ಣು

ಇಷ್ಟೆಲ್ಲಾ ಆದಮ್ಯಾಲೆ ಫೋನು ಬಂತು. ಸೂಪರ್‌ವೈಜರ್ ಬಾಯಾರು ಮಂಗಳವಾರ ಮಧ್ಯಾಹ್ನ ಬರ್ತಾರ. ಹುಡುಗರು ಕೈಯಾರೆ ಮಾಡಿದ್ದು ತೋರಿಸಬೇಕು.

ತೋರಿಸಲಿಕ್ಕೆ ಏನೈತಿ? ಸುಣ್ಣದ ಅಕ್ಷರ ಹಣಿಗೆ ಹತ್ತಿ ಹೋಗಿತ್ತು, ಉಳ್ಳಾಗಡ್ಡಿ ಉಪ್ಪಿಟ್ಟಿಗೆ ಬಿದ್ದಿತ್ತು, ಬೋರ್ಡು ಗಜೇಂದ್ರಗಡಕ್ಕ ಹೋಗಿತ್ತು. ಅವ್ವ ಏನೂ ಬೈಯಲಿಲ್ಲ. ಗೋಡಿ ಮ್ಯಾಲಿನ ಚಾರ್ಟ್ ನೋಡಿಕೊಂತ ಕೂತಳು. ಆಕೆ ಬೈದಿದ್ದರ ನನಗೆ ಆರಾಮ ಇರತಿತ್ತು.

ನಾನು ಬುಟ್ಟಿ ತಗೊಂಡು ಕೆರಿಗೆ ಹೋಗಿ ಎರಿಮಣ್ಣು ತಂದೆ. ಮಣ್ಣೆತ್ತಿನ ಅಮಾಸಿ ಆಗಿ ಹೆಚ್ಚು ದಿನ ಆಗಿರಲಿಲ್ಲ. ಊರಿನ ಹುಡುಗರ ಕೈಯಾಗ ಎತ್ತು ಮಾಡಿದ ರೂಢಿ ಇನ್ನೂ ಹಸಿ ಇತ್ತು. ಮಂಗಳವಾರ ಮುಂಜಾನೆ ಮಣ್ಣು ನಾದಿ ಮುಂದಿಟ್ಟೆ. ನೋಡ್ರಿ, ಒಬ್ಬರೂ ಅಳಲಿಲ್ಲ, ಒಬ್ಬರೂ ಚಿವುಟಲಿಲ್ಲ. ಎತ್ತಿನ ಕೋಡು ತಿದ್ದಿದಂಗ 'ಅ'ದ ಬಾಲ ತಿದ್ದಿದರು. ತಾಸು ಕಳೆಯುವುದರಾಗ ಅಂಗಳದ ಹಲಗಿ ಮ್ಯಾಲೆ ಅ-ದಿಂದ ಹಿಡಿದು ಇಡೀ ಅಕ್ಷರಮಾಲೆ ಮಣ್ಣಿನ್ಯಾಗ ಎದ್ದು ನಿಂತಿತ್ತು. ಙ ಹುಡುಗ ತನ್ನ ಙ-ನ್ನ ಎಲ್ಲಾಕ್ಕಿಂತ ದಪ್ಪ ಮಾಡಿ ಪಕ್ಕಕ್ಕ ಕೂತಿದ್ದ. ಅವ್ವನ ಕಣ್ಣಾಗ ನೀರು. ನಾನು ಜೀವನದಾಗ ಮೊದಲ ಸಲ ಪಾಸಾದೆ ಅನಿಸಿತು.

ಆಗ ಆಯಿ ಬಂದಳು. ಹಲಗಿ ಮುಂದೆ ನಿಂತು ಬಾಯಿ ಮ್ಯಾಲೆ ಕೈ ಇಟ್ಟಳು.

"ಏ ಖೋಡಿ! ಆಷಾಢದ ಮಂಗಳಾರ, ಗುಳ್ಳವ್ವನ ದಿನ. ಎರಿಮಣ್ಣಿಲೆ ಮೂರ್ತಿ ಮಾಡಿ ಹಿಂಗ ಬೋಳಹಣಿಲೆ ಕುಂದ್ರಸೀಯಲ್ಲೋ?"

ಗುಳ್ಳವ್ವ ಅಂದರೆ ಈ ದಿನಗಳಾಗ ಹೆಣ್ಣುಹುಡುಗರು ಮಣ್ಣಿಲೆ ಮಾಡಿ ಪೂಜಿ ಮಾಡುವ ದೇವಿ.

"ಆಯಿ, ಇದು ಮೂರ್ತಿ ಅಲ್ಲ. ಅಕ್ಷರ."

"ಆಕಾರ ಬಂತಿಲ್ಲೋ?"

"ಬಂತು."

"ಮಕ್ಕಳ ಕೈಲೆ ಬಂತಿಲ್ಲೋ?"

"ಬಂತು."

"ಮಂಗಳಾರ ಹೌದಿಲ್ಲೋ?"

"ಹೌದು."

"ಮತ್ತ ನಿಂದೇನು ತಕರಾರು?"

ಇಷ್ಟು ಸರಳ ಪ್ರಶ್ನೆ ಗಣಿತದಾಗ ಬಂದಿದ್ದರ ನಾನು ಅಂಗನವಾಡಿಯಾಗ ಇರತಿದ್ದಿಲ್ಲ.

ಆಯಿ ಊರಿಗೆಲ್ಲಾ ಸುದ್ದಿ ಮುಟ್ಟಿಸಿದಳು. ಮಧ್ಯಾಹ್ನ ಆಗುವುದರಾಗ ಅಕ್ಷರಕ್ಕೆಲ್ಲಾ ಅರಿಶಿಣ ಕುಂಕುಮ ಬಿತ್ತು. ಕೆಂಪು ಗುಲಗಂಜಿ ಒತ್ತಿ ಕಣ್ಣು ಮಾಡಿದರು. 'ಈ'ಗೆ ಎರಡು ಕಣ್ಣು ಎಲ್ಲಿ ಇಡಬೇಕು ಅಂತ ಇಬ್ಬರು ಹೆಣ್ಮಕ್ಕಳ ನಡುವೆ ಸಣ್ಣ ಜಗಳ ಆತು. ಬಳಿ ಮಾರುವಾಕಿ ಹಸಿರು ಬಳಿ ತಂದು ಒಂದೊಂದು ಅಕ್ಷರದ ಮುಂದೆ ಇಟ್ಟಳು. ಅವ್ವ, "ನೀವ್ಯಾಕ ತ್ರಾಸ ತಗೊಂಡ್ರಿ?" ಅಂದರೆ, "ನಿಮ್ಮ ದೇವಿಗೆ ಬಳಿ ಯಾವಾಗ್ಲೂ ನಮ್ಮ ಮನಿದs ಅಲ್ರಿ? ಈ ಸಲ ಸ್ವಲ್ಪ ಜಾಸ್ತಿ ದೇವ್ರು ಅದಾವು, ಅಷ್ಟs" ಅಂದಳು. ಮಂಗಳಾರದ ಪೂಜಿ ಬಿಡಬಾರದು ಅಂತ ಹಳದಿ ಗಾಡಿ ಹತ್ತುವ ಹುಡುಗಿಯರನ್ನೂ ತಾಯಂದಿರು ಸಾಲಿ ಬಿಡಿಸಿ ಕರಕೊಂಡು ಬಂದಿದ್ದರು, ಕೊಳ್ಳಾಗ ಟೈ ಹಾಂಗs ಇತ್ತು. ಖೋಲಿ ತುಂಬಿ ಅಂಗಳಕ್ಕ ಚೆಲ್ಲಿತ್ತು. ಬಾಯಾರು ಆ ಹೊತ್ತಿಗೆ ಬಂದಿದ್ದರ!

ಬರಲಿಲ್ಲ. ಅವ್ವ ರಸ್ತೆ ನೋಡಿಕೊಂತ ನಿಂತಳು. ಆರತಿ ಆತು, ಹಾಡು ಆತು, ಹೋಳಿಗಿ ಆತು. ಹೊತ್ತು ಇಳೀತು. ಆಯಿ ಸೆರಗು ಸೊಂಟಕ್ಕ ಕಟ್ಟಿ ಎದ್ದಳು. "ನಡೀರಿ, ಕೆರಿಗೆ ಕಳಿಸಿ ಬರೂಣು."

ಅವ್ವಗೆ ಎದಿ ಒಡೀತು. "ಯಮ್ಮಾ, ನಿಮ್ಮ ಕಾಲ ಬೀಳ್ತೀನಿ, ಬಾಯಾರು ಬರೂತನಾ ಇರ್ಲಿ. ಅವರು ಕಣ್ಣಿಲೆ ನೋಡಬೇಕು. ಇಲ್ಲಾಂದ್ರ ಈ ಖೋಲಿ ಹೋಗತೈತಿ."

"ಬಾಯಾರಿಗೆ ಬಸ್ಸೈತಿ," ಅಂದಳು ಆಯಿ, "ದೇವ್ರಿಗೆ ಹೊತ್ತೈತಿ. ಮಣ್ಣಿನ ದೇವ್ರನ್ನ ಹೊತ್ತು ಮುಳುಗಿದ ಮ್ಯಾಲೆ ಇಟಗೊಂಡ್ರ ಊರಿಗೆ ಚಲೋ ಅಲ್ಲ."

ಮೆರವಣಿಗಿ ಹೊಂಟಿತು. ಮುಂದೆ ಆಯಿ, ಹಿಂದೆ ತಲಿ ಮ್ಯಾಲೆ ಅಕ್ಷರ ಹೊತ್ತ ಹುಡುಗರು, ಎಲ್ಲಾಕ್ಕಿಂತ ಹಿಂದೆ ಅವ್ವ. ಕೆರಿ ದಂಡಿಗೆ ಒಬ್ಬೊಬ್ಬರೇ ಇಳಿದು ಬಿಡತೊಡಗಿದರು. ಯಾರೂ ಕಲಿಸಿರಲಿಲ್ಲ, ತಾವs ಹೆಸರು ಹಿಡಿದು ಕಳಿಸಿದರು: "ಅ, ಹೋಗಿ ಬಾ!" ಬುಳುಕ್. "ಆ, ಹೋಗಿ ಬಾ!" ಬುಳುಕ್. "ಗ, ಮತ್ತ ಕಳುವಾಗಬ್ಯಾಡ!" ಬುಳುಕ್. ಮುಂಜಾನೆ ಅಕ್ಷರ, ಮಧ್ಯಾಹ್ನ ದೇವರು, ಸಂಜಿಗೆ ಕೆಸರು. ಒಗಟಿನ ಉತ್ತರ ಸಿಕ್ತಿಲ್ರಿ?

ಅಷ್ಟರಾಗ ಬಸ್ಸು ನಿಂತ ಸಪ್ಪಳ. ಸೂಪರ್‌ವೈಜರ್ ಬಾಯಾರು ಛತ್ರಿ ಹಿಡಿದು ಕೆಸರಾಗ ಚಪ್ಪಲಿ ಎಳಕೊಂತ ಕೆರಿ ದಂಡಿಗೆ ಬಂದರು. ಆ ಬಸ್ಸಿಗೂ ಬೋರ್ಡ್ ಇರಲಿಲ್ಲ, ಅದಕ್ಕs ತಡ.

"ಅಕ್ಕೋರ, ಚಟುವಟಿಕಿ ಎಲ್ರಿ?"

ಅವ್ವ ನೀರಿನ ಕಡೆ ಕೈ ತೋರಿಸಿದಳು. ಅಲ್ಲಿ ಗುಳ್ಳಿ ಏಳತಿದ್ದವು. ಬಾಯಾರ ಹುಬ್ಬು ಮ್ಯಾಲೆ ಹೋದವು. ಆದರೆ ಅವರ ಎದುರಿಗೇ ಹುಡುಗರು ಬಿಡೋದು ನಡದs ಇತ್ತು. "ಶ, ಹೋಗಿ ಬಾ! ಷ, ಹೋಗಿ ಬಾ!" ಟೈ ಕಟ್ಟಿದ ಹುಡುಗಿಯರು ಇದ್ಯಾವ ಅಕ್ಷರ ಅಂತ ನಮ್ಮ ಹುಡುಗರನ್ನs ಕೇಳತಿದ್ದರು. ಬಾಯಾರು ಛತ್ರಿ ಮುಚ್ಚಿದರು.

ಕಡೀಕ ಙ ಹುಡುಗ ಒಬ್ಬ ಉಳಿದ. ಎರಡೂ ಕೈಲೆ ತನ್ನ ಅಕ್ಷರ ಎದಿಗೆ ಅವಚಿಕೊಂಡು ನಿಂತಿದ್ದ. ಅಂಗಿ ತುಂಬ ಕೆಸರು.

ಬಾಯಾರು ಬಗ್ಗಿ ಕೇಳಿದರು: "ಇದ್ಯಾವ ಅಕ್ಷರಪ್ಪಾ?"

"ಇದು ನಾನು."

"ಎಲ್ಲಾರೂ ನೀರಾಗ ಬಿಟ್ರಲ್ಲ. ನೀನೂ ಬಿಡು."

ಅವ ಕೆರಿ ನೋಡಿದ, ಬಾಯಾರನ್ನ ನೋಡಿದ, ಒಂದು ಹೆಜ್ಜಿ ಹಿಂದೆ ಸರಿದ.

"ಬಿಡಂಗಿಲ್ಲ. ನನಗ ಈಸು ಬರೂದಿಲ್ಲ."

ಕೆರಿ ದಂಡಿ ತುಂಬ ನಗು. ಆಯಿ ನಕ್ಕಳು, ಬಳಿ ಮಾರುವಾಕಿ ನಕ್ಕಳು, ಅವ್ವ ಅಳಕೊಂತ ನಕ್ಕಳು. ಬಾಯಾರು ಕಣ್ಣು ಒರೆಸಿಕೊಂಡು, "ಅಕ್ಕೋರ, ಈ ಕೇಂದ್ರ ಎಲ್ಲಿಗೂ ಹೋಗೂದಿಲ್ಲ. ಹಳ್ಳದಾಚೆ ಕಳಿಸೂಣಂದ್ರ ನಿಮ್ಮ ಙ-ಗ ಈಸು ಬರೂದಿಲ್ಲಲ್ರಿ" ಅಂದರು.

ಇಲ್ಲಿಗೆ ಮುಗಿಸಿದ್ದರ ಭಾಳ ಚಲೋ ಇತ್ತು. ಆದರೆ ಇದನ್ನ ಬರೆಯುವಾಗ ಅವ್ವ ಹಿಂದಿನಿಂದ ಬಗ್ಗಿ ಓದಿದಳು. ಆ ಕಡೀ ಸಾಲಿನ ಮ್ಯಾಲೆ ಚಾದ ಕಪ್ಪು ಇಟ್ಟು ಹೋದಳು. ಅದಕ್ಕs ಹೇಳ್ತೀನಿ. ಬಾಯಾರು ಅವತ್ತು ಬರಲೇ ಇಲ್ಲ. ಬಸ್ಸು ಬಂತು, ಬೋರ್ಡೂ ಇತ್ತು, ಅವರು ಇರಲಿಲ್ಲ. ಬ್ಯಾರೆ ಕಡೆ ಮೀಟಿಂಗ್ ಇತ್ತಂತ, ಮತ್ತೊಮ್ಮೆ ಬರ್ತೀನಿ ಅಂತ ಫೋನ್ ಮಾಡಿದರು. ಇದ್ಯಾವ ಅಕ್ಷರ ಅಂತ ಆ ಹುಡುಗನನ್ನ ಕೇಳಿದಾಕಿ ನಮ್ಮವ್ವ. ಈಸು ಬರೂದಿಲ್ಲ ಅಂದದ್ದು ಮಾತ್ರ ಖರೇ. ಅಂಥ ಮಾತು ಹುಟ್ಟಿಸೋ ತಲಿ ನನಗಿಲ್ಲ.

ಈಗ ಇಡೀ ಅಕ್ಷರಮಾಲೆಯಾಗ ನಮ್ಮ ಹತ್ತರ ಉಳಿದದ್ದು ಒಂದs. ಙ ಖೋಲಿಯ ಕಿಡಕ್ಯಾಗ ಒಣಗಿಕೊಂತ ಕೂತೈತಿ, ಗುಲಗಂಜಿ ಕಣ್ಣು ಬಿಟ್ಟುಕೊಂಡು ರಸ್ತೆ ನೋಡತೈತಿ. ಅವ್ವನೂ ನೋಡತಾಳ.

ನೀವು ಕೊಟ್ಟ ಗಜೇಂದ್ರಗಡ ತಿರುಗಿ ತಗೋರಿ. ನಮಗ ಊರು ಬ್ಯಾಡ, ಇದ್ದೂರಾಗಿನ ಆ ಒಂದು ಖೋಲಿ ಉಳದ್ರ ಸಾಕು. ಬಾಯಾರ ಕಡೀ ಮಾತು ನಾನು ಹುಟ್ಟಿಸಿದ್ದು, ಒಪ್ಪಿಕೊಳ್ತೀನಿ. ಬಾಯಾರು ಎಲ್ಲಿಯರೆ ಇದನ್ನ ಓದಿದರ, ಅದನ್ನ ಖರೇ ಮಾಡೋದು ಅವರ ಕೈಯಾಗ ಐತಿ.